ಹಾಲಾದ ಎಣ್ಣೆ

ಆರನೆಯ ಕಂತು

ನಾಲ್ಕನೆಯ ಬೋಲ್ಟ್ ಮಾತ್ರ ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ.

ನಿರ್ಮಲ ಚೇಚಿ ಅದಕ್ಕೆ ಎರಡು ಹನಿ ಡೀಸೆಲ್ ಬಿಟ್ಟು, ಸ್ಪ್ಯಾನರಿಗೆ ಉದ್ದದ ಪೈಪೊಂದನ್ನು ಸಿಕ್ಕಿಸಿ, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದರು. ಚೇಚಿ ಎಂದರೆ ಮಲಯಾಳದಲ್ಲಿ ಅಕ್ಕ. ತಿರುವನಂತಪುರದ ಕರಮನದಲ್ಲಿ ಅವರ ವರ್ಕ್‌ಶಾಪು. ಕೆಟ್ಟ ವ್ಯಾಕ್ಯೂಮ್ ಪಂಪುಗಳು ಎಲ್ಲಿಂದಲೋ ಬಂದು ಅವರ ಮೇಜಿನ ಮೇಲೆ ಮಲಗುತ್ತವೆ. ಇವತ್ತು ಮಲಗಿದ್ದು ನಮ್ಮದು. ಕೊಚ್ಚಿಯ ವಲ್ಲಾರ್ಪಾಡಂ ಕಡೆ ಹಲಸಿನ ತೊಳೆ ಒಣಗಿಸುವ ನಮ್ಮ ಕಾರ್ಖಾನೆಯಲ್ಲಿ ತೊಳೆಯ ಚೇಂಬರಿನಿಂದ ಗಾಳಿ, ಹಬೆ ಹೀರುವ ಪಂಪು, ಮೈಯೆಲ್ಲ ಮಸಿ ಬಳಿದುಕೊಂಡು.

"ಮಾತಾಡಿದ್ನಾ?" ಪಕ್ಕದಲ್ಲಿದ್ದ ರತ್ನಾಕರಣ್ಣ ಮೆಲ್ಲಗೆ ಕೇಳಿದರು.

"ಯಾರು, ಬೋಲ್ಟಾ?"

"ಇಬ್ರಾಹಿಂ, ಮಾರಾಯ್ತಿ."

"ಇಲ್ಲ ಅಣ್ಣ. ನನ್ನ ಗೆಳತಿ ಅನ್ವಿತಾ ಆಸ್ಪತ್ರೆಯಲ್ಲೇ ಕೂತಿದ್ದಾಳೆ. ಎಚ್ಚರ ಆದ ಕೂಡ್ಲೆ ಫೋನ್ ಮಾಡ್ತಾಳೆ."

ಬೆಳಿಗ್ಗೆ ರೈಲು ಹತ್ತಿದಾಗಿನಿಂದ ಇದು ನಾಲ್ಕನೆಯ ಸಲ. ಪಾಪ ಅನ್ನಿಸಿತು.

ಪಂಪು ಸಿಡಿದು ಬೆಂಕಿ ಹತ್ತಿ, ಎಲೆಕ್ಟ್ರಿಷಿಯನ್ ಇಬ್ರಾಹಿಂ ಪ್ರಜ್ಞೆ ತಪ್ಪಿ ಆರು ದಿನವಾಗಿತ್ತು. ಆ ಪಂಪನ್ನು ಹತ್ತೊಂಬತ್ತು ವರ್ಷದಿಂದ ನಡೆಸುತ್ತಿದ್ದ ರತ್ನಾಕರಣ್ಣನದೇ ತಪ್ಪು ಎನ್ನುವ ವರದಿ ಸಂಜೆ ನಾಲ್ಕಕ್ಕೆ ಇದೇ ಊರಿನ ಕಾರ್ಖಾನೆ ತಪಾಸಣೆ ಕಚೇರಿ ಸೇರಲಿತ್ತು. ಸೇರಿದರೆ ಕೆಲಸ ಹೋಗುತ್ತದೆ. ಅದರ ಹಿಂದೆಯೇ ಪೊಲೀಸರು ಬರುತ್ತಾರೆ.

ವರದಿ ಇದ್ದದ್ದು ಜಯಪ್ರಕಾಶ ಸರ್ ಕಂಕುಳಲ್ಲಿ. ಅವರು ನಮ್ಮ ಸೇಫ್ಟಿ ಮ್ಯಾನೇಜರ್, ಬೆಂಗಳೂರಿನವರು. ಪಾಲಾರಿವಟ್ಟಂ ಆಫೀಸಿನ ಏಸಿಯಲ್ಲಿ ಕೂತು ಸುರಕ್ಷತೆ ನೋಡಿಕೊಳ್ಳುತ್ತಾರೆ. ನಾನು ಅವರ ಕೈಕೆಳಗೆ ಆರು ತಿಂಗಳ ಅಪ್ರೆಂಟಿಸ್, ನಂದಿತಾ, ಎಂ.ಟೆಕ್. ಎರಡನೇ ವರ್ಷ. ನನ್ನ ಮಾತನ್ನು ಅವರು ಕೇಳುವುದು ಬಸ್ಸಿನಲ್ಲಿ ಮುಂದಿನ ನಿಲ್ದಾಣದ ಹೆಸರು ಕೇಳುವಷ್ಟು ಮಾತ್ರ.

"ಮೂರು ಗಂಟೆ ಆಯ್ತಮ್ಮ," ಅವರು ಕೈಗಡಿಯಾರ ನೋಡಿದರು. "ಬೆಂಗಳೂರು ಕನ್ನಡದಲ್ಲೇ ಹೇಳ್ತೀನಿ. ಇದನ್ನ ಬಿಚ್ಚಿ ನೋಡಿದ್ರೆ ಏನ್ ಸಿಗುತ್ತೆ? ಅವನೇ ಬರೆದು ಕೊಟ್ಟಿದ್ದಾನಲ್ಲ."

"ನಾನು ಹಾಗೆ ಬರೀಲಿಲ್ಲ ಸರ್," ಎಂದರು ರತ್ನಾಕರಣ್ಣ, ನೆಲ ನೋಡುತ್ತ.

"ನೋಡಿದ್ಯಾ? ಇದೇ ನಂಗೆ ಆಗದೇ ಇರೋದು. ತಪ್ಪು ಮಾಡ್ಲಿ, ಮನುಷ್ಯ ಅಂದ್ಮೇಲೆ ಮಾಡ್ತಾನೆ. ಆದ್ರೆ ಸುಳ್ಳು?"

ವರದಿಯ ಇಂಗ್ಲಿಷ್ ವಾಕ್ಯ ನನಗೆ ಬಾಯಿಪಾಠವಾಗಿತ್ತು. ಎಣ್ಣೆ ಕೆಟ್ಟುಹೋಗಿದೆ ಎಂದು ಗೊತ್ತಿದ್ದೂ ಆಪರೇಟರ್ ಪಂಪನ್ನು ಓಡಿಸಿದ್ದಾನೆ, ಹಾಗೆಂದು ತಾನೇ ವಾಟ್ಸಾಪಿನಲ್ಲಿ ತಿಳಿಸಿದ್ದಾನೆ. ರತ್ನಾಕರಣ್ಣನ ಫೋನು ಪಂಪಿನ ಪಕ್ಕದ ಸ್ಟೂಲಿನ ಮೇಲಿತ್ತು, ಬೆಂಕಿಯಲ್ಲಿ ಕರಗಿಹೋಯಿತು. ಹಾಗಾಗಿ ಆ ಮೆಸೇಜು ಉಳಿದದ್ದು ಸರ್ ಫೋನಿನಲ್ಲಿ ಮಾತ್ರ.

ಆಗ ನನಗೆ ಒಂದು ವಿಷಯ ಹೊಳೆಯಿತು. ಹೊಳೆದ ಮೇಲೆ ನಾಚಿಕೆಯೂ ಆಯಿತು, ಯಾಕೆಂದರೆ ಅದು ಮೊದಲ ದಿನವೇ ಹೊಳೆಯಬೇಕಿತ್ತು.

"ಸರ್, ಆ ಮೆಸೇಜನ್ನು ನಾನು ಇನ್ನೂ ನೋಡೇ ಇಲ್ಲ."

"ವರದಿಯಲ್ಲಿ ಇದೆಯಲ್ಲ."

"ವರದಿಯಲ್ಲಿ ಇರುದು ನಿಮ್ಮ ಇಂಗ್ಲಿಷು. ನಂಗೆ ಅಣ್ಣನ ಕನ್ನಡ ಬೇಕಿತ್ತು."

ಸರ್ ಮುಖ ಸಿಂಡರಿಸಿಕೊಂಡೇ ಫೋನ್ ತೆಗೆದರು. ಹುಡುಕಿದರು. ನನ್ನ ಮೂಗಿಗೆ ಹಿಡಿದರು.

ಸಮಯ ಮಧ್ಯಾಹ್ನ ಒಂದು ಐದು. ಎರಡೇ ಎರಡು ವಾಕ್ಯ, ಇಂಗ್ಲಿಷ್ ಅಕ್ಷರದಲ್ಲಿ:

Enne halagide. Odistiddene.

ಒಮ್ಮೆ ಓದಿದೆ. ಎರಡನೆಯ ಸಲ ಓದಿ, ಸರ್ ಕೈಯಿಂದ ಫೋನ್ ತೆಗೆದುಕೊಂಡು ರತ್ನಾಕರಣ್ಣನ ಮುಂದೆ ಹಿಡಿದೆ.

"ಅಣ್ಣ, ಇದನ್ನೊಮ್ಮೆ ದೊಡ್ಡದಾಗಿ ಓದಿ."

ರತ್ನಾಕರಣ್ಣ ಅಂಗಿ ಕಿಸೆಯಿಂದ ಕನ್ನಡಕ ತೆಗೆದು ಹಾಕಿಕೊಂಡರು. ಒಂದನೇ ಕ್ಲಾಸಿನ ಹುಡುಗನ ಹಾಗೆ ನೆಟ್ಟಗೆ ನಿಂತು ಓದಿದರು.

"ಎಣ್ಣೆ ಹಾಲಾಗಿದೆ. ಓಡಿಸ್ತಿದ್ದೇನೆ."

ಸರ್ ಫೋನಿನತ್ತ ಬಗ್ಗಿದರು.

"ಹಾಲಾ?" ಎಂದರು ಸರ್.

"ಹಾಲು ಸರ್. ಹಸುವಿನ ಹಾಲು. ಪಂಪಿನ ಗಾಜಿನ ಕಿಟಕಿಯಲ್ಲಿ ನೋಡಿದ್ರೆ ಎಣ್ಣೆ ಬೆಳ್ಳಗೆ. ನೀರು ಸೇರಿದ್ರೆ ಹಾಗೇ ಆಗುದು. ನಾವು ಅದಕ್ಕೆ ಹಾಲಾಯ್ತು ಅಂತಲೇ ಹೇಳುದು."

"ಹಾಳಾಗಿದೆ ಅಲ್ಲ."

"ಹಾಳಾದ್ರೆ ಕಪ್ಪಾಗ್ತದೆ, ಸರ್. ಕಪ್ಪಾದ್ರೆ ನಾನು ಓಡಿಸುದಿಲ್ಲ. ನಿಲ್ಲಿಸಿ ಎಣ್ಣೆ ಬದಲು ಮಾಡ್ತೇನೆ."

ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುವ ನಮಗೆಲ್ಲ ಲ-ಕಾರಕ್ಕೂ ಳ-ಕಾರಕ್ಕೂ ಇರುವುದು ಒಂದೇ ಗುಂಡಿ. ಆ ಒಂದು ಗುಂಡಿಯಲ್ಲಿ ಹತ್ತೊಂಬತ್ತು ವರ್ಷದ ಕೆಲಸ ಸಿಕ್ಕಿಹಾಕಿಕೊಂಡಿತ್ತು.

"ಈಗ ಹೊಳೀತಾ ಇದು?" ಸರ್ ದನಿ ಏರಿತು. "ಆರು ದಿನ ಎಲ್ಲಿ ಇಟ್ಟಿದ್ಯಪ್ಪ ಈ ಹಾಲನ್ನ?"

"ನೀವು ಕೇಳಿದ್ದು ಇಂಗ್ಲಿಷಿನಲ್ಲಿ ಸರ್. ಸ್ಪಾಯ್ಲ್ ಆಗಿದೆ ಅಂತ ಬರ್ದಿದ್ದೀಯಾ ಅಂತ. ಇಲ್ಲ ಅಂದೆ. ಸುಳ್ಳ ಅಂದ್ರಿ. ಮೆಸೇಜು ತೋರಿಸ್ಲಿಲ್ಲ."

"ಬೆಂಗಳೂರಲ್ಲಿ ಯಾರ ಕೈಗೆ ಕೊಟ್ರೂ ಅದನ್ನ ಹಾಳು ಅಂತ್ಲೇ ಓದ್ತಾರೆ. ನಿಮ್ಮ ಕಾಸರಗೋಡಲ್ಲಿ ಹೇಗೋ ಗೊತ್ತಿಲ್ಲ."

ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಅವರ ಫೋನು ಗುಂಯ್ ಎಂದಿತು. ನೋಡಬಾರದು, ನೋಡಿಬಿಟ್ಟೆ. ಅವರ ಹೆಂಡತಿ ಕುಸುಮಾವತಿ ಮೇಡಂ.

Barta halu tanni. Eradu packet.

ನಾನು ಫೋನನ್ನು ತಿರುಗಿಸಿ ತೋರಿಸಿದೆ. "ಸರ್, ಮೇಡಂ ಎರಡು ಪ್ಯಾಕೆಟ್ ಹಾಳು ತರ್ಲಿಕ್ಕೆ ಹೇಳ್ತಿದ್ದಾರೆ."

ರತ್ನಾಕರಣ್ಣನಿಗೆ ನಗು ತಡೆಯಲು ಆಗಲಿಲ್ಲ, ಕೆಮ್ಮಿದಂತೆ ನಟಿಸಿದರು. ಸರ್ ಆ ಎರಡು ವಾಕ್ಯಗಳನ್ನು ಮಾರ್ಕ್ಸ್ ಕಾರ್ಡ್ ನೋಡುವ ಹಾಗೆ ನೋಡುತ್ತ ನಿಂತರು.

"ಏನು ತಮಾಷೆ, ನನಗೂ ಹೇಳಿ," ಎಂದು ನಿರ್ಮಲ ಚೇಚಿ ಪೈಪ್ ಕೆಳಗಿಟ್ಟರು. ಚೇಚಿಗೆ ಕನ್ನಡ ಬಾರದು. ಅವರು ಆಡಿದ ಮಲಯಾಳವನ್ನು ನಾನಿಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ, ಬೈಗುಳಗಳನ್ನು ಬಿಟ್ಟು.

ಹೇಳಿದೆ. ಎಣ್ಣೆ ಹಾಲಿನಂತಾಗಿತ್ತು ಎಂದ ಕೂಡಲೇ ಅವರ ಹುಬ್ಬು ಮೇಲಕ್ಕೆ ಹೋಯಿತು.

"ಪಾಲೋ? ಹಾಲಾ? ಮಗಳೇ, ಅದನ್ನ ಮೊದಲೇ ಹೇಳಬಾರದಾ? ಒಂದು ಗಂಟೆಯಿಂದ ಈ ಬೋಲ್ಟಿನ ಜೊತೆ ಗುದ್ದಾಡ್ತಿದ್ದೇನೆ. ನೋಡಬೇಕಾದ್ದು ಇದನ್ನಲ್ಲ."

ಅವರು ಪಂಪಿನ ಬಲ ಮಗ್ಗುಲಿಗೆ ಬಂದರು. ಅಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಒಂದು ಗುಬುಟು, ಮಸಿಯಲ್ಲಿ ಮುಚ್ಚಿಹೋಗಿತ್ತು.

ಅದು ಬ್ಯಾಲಸ್ಟ್ ವಾಲ್ವು. ಅನ್ನದ ಪಾತ್ರೆಗೆ ಮುಚ್ಚಳ ಬಿಗಿಯಾಗಿ ಹಾಕಿದರೆ ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ಒಳಗೇ ಬೀಳುತ್ತದೆ, ಸ್ವಲ್ಪ ಓರೆ ಮಾಡಿಟ್ಟರೆ ಹೊರಗೆ ಹೋಗುತ್ತದೆ. ಈ ವಾಲ್ವು ಆ ಓರೆ. ತೆರೆದರೆ ಪಂಪಿನೊಳಗೆ ಚೂರು ಗಾಳಿ ಬರುತ್ತದೆ, ಹಬೆ ಎಣ್ಣೆಯಲ್ಲಿ ನೀರಾಗಿ ಕೂರದೆ ಗಾಳಿಯ ಜೊತೆ ಹೊರಟುಹೋಗುತ್ತದೆ. ಎಣ್ಣೆ ಹಾಲಾದರೆ ಮಾಡಬೇಕಾದ್ದು ಇಷ್ಟು: ಹಲಸಿನ ಚೇಂಬರಿನಿಂದ ಬರುವ ದಾರಿ ಮುಚ್ಚು, ಬ್ಯಾಲಸ್ಟ್ ತೆರೆ, ಎಣ್ಣೆ ಮತ್ತೆ ಜೇನಿನ ಬಣ್ಣಕ್ಕೆ ಬರುವವರೆಗೆ ಓಡಿಸು. ನಿಲ್ಲಿಸಿದರೆ ನೀರು ಒಳಗೇ ಉಳಿದು ತುಕ್ಕು ಹಿಡಿಸುತ್ತದೆ.

ಓಡಿಸ್ತಿದ್ದೇನೆ. ಎರಡನೆಯ ವಾಕ್ಯ ಅದೇ. ಅಣ್ಣ ಒಪ್ಪಿಕೊಂಡದ್ದು ತಪ್ಪನ್ನಲ್ಲ, ಮದ್ದನ್ನು.

ಆದರೆ ನಿಜಕ್ಕೂ ತೆರೆದಿದ್ದರೇ?

ಚೇಚಿ ಮೆತ್ತನೆಯ ಬಟ್ಟೆ ತೆಗೆದುಕೊಂಡು ಮಗುವಿನ ಮುಖ ಒರೆಸುವ ಹಾಗೆ ಮಸಿ ಒರೆಸಿದರು. ಗುಬುಟಿನ ಸುತ್ತ ಎರಡು ಗುರುತು ಕಾಣಿಸಿದವು. ಒಂದು ಸೊನ್ನೆ, ಇನ್ನೊಂದು ಬಾಣ. ಗುಬುಟಿನ ಮೂತಿ ಬಾಣದ ಕಡೆಗಿತ್ತು.

"ತೆರೆದಿದೆ," ಎಂದರು.

ರತ್ನಾಕರಣ್ಣ ಕಣ್ಣು ಮುಚ್ಚಿ ಉಸಿರು ಬಿಟ್ಟರು.

"ಒಂದ್ನಿಮಿಷ," ಎಂದರು ಸರ್. "ಬೆಂಕಿ ಆರಿದ ಮೇಲೆ ಯಾರಾದ್ರೂ ತಿರುಗಿಸಿರಬಹುದಲ್ಲ? ಲಾರಿಗೆ ಹೇರುವಾಗ ಕೈ ತಾಗಿರಬಹುದು."

ಚೇಚಿ ಅವರನ್ನು ಮೇಲಿಂದ ಕೆಳಗೆ ನೋಡಿದರು. ಗುಬುಟನ್ನು ಹಿಡಿದು ಚಕ್ ಎಂದು ಸೊನ್ನೆಯ ಕಡೆ ತಿರುಗಿಸಿದರು. ಬುಡದಲ್ಲಿ ಗಟ್ಟಿಯಾಗಿದ್ದ ಮಸಿಯ ಉಂಗುರ ಪಟಪಟ ಒಡೆದು ಉದುರಿತು. ಮೂತಿ ಇದ್ದ ಜಾಗದಲ್ಲಿ, ಬಾಣದ ಪಕ್ಕ, ಅದರದೇ ಆಕಾರದ ನೀಲಿ ಬಣ್ಣ ಹೊಸದರಂತೆ ಹೊಳೆಯುತ್ತಿತ್ತು.

"ಬೆಂಕಿ ಬಿದ್ದಾಗ ಮೂತಿ ಇಲ್ಲಿತ್ತು, ಅದಕ್ಕೇ ಇಲ್ಲಿ ಮಸಿ ಕೂತಿಲ್ಲ. ಆಮೇಲೆ ಯಾರೂ ಮುಟ್ಟಿಲ್ಲ, ಅದಕ್ಕೇ ಉಂಗುರ ಇಷ್ಟು ಹೊತ್ತು ಸರಿಯಾಗಿತ್ತು. ಈಗ ಒಡೆದದ್ದು ನಾನು. ಸರ್‌ಗೆ ಇನ್ನೇನಾದರೂ ಬೇಕಾ?"

ಅವರು ಒಡೆಯುವ ಮೊದಲು ನಾನು ಎಂಟು ಫೋಟೋ ತೆಗೆದಿದ್ದೆ. ಅಭ್ಯಾಸ. ಊಟದ ತಟ್ಟೆಗೂ ತೆಗೆಯುತ್ತೇನೆ.

"ಸರ್, ಚೇಂಬರಿನ ದಾರಿ ಮುಚ್ಚಿತ್ತು ಅಂತ ನಿಮ್ಮ ವರದಿಯ ಮೂರನೇ ಫೋಟೋದಲ್ಲೇ ಉಂಟು. ವಾಲ್ವಿನ ಹಿಡಿ ಅಡ್ಡಕ್ಕಿದೆ. ಅಣ್ಣ ಎಲ್ಲ ಸರಿಯಾಗೇ ಮಾಡಿದ್ದಾರೆ."

"ಹಾಗಾದ್ರೆ ಸಿಡಿದದ್ದು ಯಾಕೆ?"

ಉತ್ತರ ಕೊಟ್ಟದ್ದು ನಾಲ್ಕನೆಯ ಬೋಲ್ಟು. ಡೀಸೆಲ್ ಕುಡಿದು ಮೆತ್ತಗಾಗಿತ್ತೋ ಏನೋ, ಚೇಚಿ ಈಗ ಸ್ಪ್ಯಾನರ್ ಹಾಕಿದರೆ ತಾನಾಗಿ ತಿರುಗಿತು. ಮುಚ್ಚಳ ತೆಗೆದರು. ಹೊಗೆ ಸೋಸುವ ಫಿಲ್ಟರು ಹೊರಗೆ ಬಂತು. ಅರ್ಧ ಸುಟ್ಟಿತ್ತು. ಉಳಿದರ್ಧ ಮೊಸರಿನಲ್ಲಿ ಅದ್ದಿದ ಬತ್ತಿಯ ಹಾಗೆ.

"ಇವನಿಗೆ ಗೊತ್ತಾಗುವ ಹೊತ್ತಿಗೇ ತುಂಬ ನೀರು ಒಳಗೆ ಹೋಗಿದೆ," ಚೇಚಿ ಅದನ್ನು ಹಿಂಡಿ ತೋರಿಸಿದರು. "ನೊರೆ ಮೇಲೇರಿ ಫಿಲ್ಟರ್ ಕಟ್ಟಿತು. ಹೊರಗೆ ಹೋಗುವ ದಾರಿಯೇ ಬಂದ್. ಬಿಸಿ ಎಣ್ಣೆ ಮುಚ್ಚಳ ಒಡೆದುಕೊಂಡು ಬಂತು. ಹೊರದಾರಿಯ ಒತ್ತಡ ತೋರಿಸುವ ಗೇಜ್ ಒಂದು ಇದ್ದಿದ್ದರೆ ಹತ್ತು ನಿಮಿಷ ಮೊದಲೇ ಗೊತ್ತಾಗ್ತಿತ್ತು. ನಿಮ್ಮಲ್ಲಿ ಇಲ್ಲವಾ?"

ನಾನು ಕನ್ನಡಕ್ಕೆ ತಂದೆ.

"ಎರಡು ವರ್ಷದಿಂದ ಬೇಕು ಅಂತ ಬರೀತಿದ್ದೇನೆ ಸರ್," ಎಂದರು ರತ್ನಾಕರಣ್ಣ. "ಅದನ್ನೂ ವಾಟ್ಸಾಪಿನಲ್ಲೇ ಕಳಿಸಿದ್ದು."

ಗಂಟೆ ಮೂರೂವರೆ.

ಜಯಪ್ರಕಾಶ ಸರ್ ಅಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯ ಮೇಲಿನ ವಾಷರುಗಳನ್ನು ಸರಿಸಿ ಕೂತರು. ವರದಿ ತೆಗೆದರು. ಪೆನ್ನು ತೆಗೆದರು. ಆಮೇಲೆ ಆ ವಾಕ್ಯದ ಮೇಲೆ ಒಂದು ಗೀಟು ಎಳೆದರು. ಅದರ ಪಕ್ಕ, ಇಂಗ್ಲಿಷ್ ಹಾಳೆಯ ಅಂಚಿನಲ್ಲಿ, ದುಂಡನೆಯ ಕನ್ನಡ ಅಕ್ಷರದಲ್ಲಿ ‘ಹಾಲಾಗಿದೆ’ ಎಂದು ಬರೆದು, ಕೆಳಗೆ ಅರ್ಥ ವಿವರಿಸಿ ಸಹಿ ಹಾಕಿದರು.

"ರತ್ನಾಕರ," ತಲೆ ಎತ್ತದೆ ಹೇಳಿದರು. "ನಂಗೂ ಆರು ದಿನದಿಂದ ಅನ್ನ ಸೇರಿಲ್ಲ ಕಣಯ್ಯ. ಕೊಚ್ಚೀಲಿ ಕನ್ನಡ ಮಾತಾಡೋರು ಸಿಗೋದೇ ಅಪರೂಪ. ಸಿಕ್ಕವನ ಮೇಲೇ ಬರೀಬೇಕಾಯ್ತಲ್ಲ ಅಂತ. ಈಗ ಹಗುರ ಆಯ್ತು."

ರತ್ನಾಕರಣ್ಣ ಗೋಡೆಗೆ ಒರಗಿ, ಹಾಗೇ ಜಾರಿ, ನೆಲದ ಮೇಲೆ ಕೂತುಬಿಟ್ಟರು. ಚೇಚಿ ಒಂದು ಲೋಟ ಸುಲೈಮಾನಿ, ಹಾಲಿಲ್ಲದ ಟೀ, ತಂದು ಕೊಟ್ಟರು.

ನನಗೆ ಕುಣಿಯಬೇಕು ಅನ್ನಿಸಿತು. ಮಸಿ ಮೆತ್ತಿದ ಕೈಯಲ್ಲೇ ಕೂದಲು ಕಟ್ಟಿಕೊಂಡೆ. ಆಮೇಲೆ ಹಣೆ ತುಂಬ ಕಪ್ಪು.

ಆ ಖುಷಿಯಲ್ಲೇ ಬಾಯಿ ಮುಂದೆ ಓಡಿತು.

"ಆದ್ರೆ ಸರ್, ಹಾಲು ಅಂದ್ಮೇಲೆ ಇನ್ನೊಂದು ವಿಷಯ ಬರ್ತದೆ. ಹಲಸಿನ ನೀರು ಪಂಪಿಗೆ ಬರಲೇಬಾರದು. ದಾರಿಯಲ್ಲಿ ಕೋಲ್ಡ್ ಟ್ರ್ಯಾಪ್ ಉಂಟು. ಮೈನಸ್ ನಲ್ವತ್ತರಲ್ಲಿ ಹಬೆಯೆಲ್ಲ ಅಲ್ಲೇ ಮಂಜುಗಡ್ಡೆ ಆಗ್ಬೇಕು. ನೀರು ಪಂಪಿಗೆ ಬಂತು ಅಂದ್ರೆ ಟ್ರ್ಯಾಪ್ ಬಿಸಿಯಾಗಿತ್ತು. ಅಂದ್ರೆ ಅದನ್ನು ತಣ್ಣಗೆ ಇಡುವ ಚಿಲ್ಲರ್ ಆಫ್ ಆಗಿತ್ತು."

"ಚಿಲ್ಲರ್ ಬೆಂಕಿಯಿಂದ ಟ್ರಿಪ್ ಆಗಿದೆ. ಬರೆದಿದ್ದೀನಲ್ಲ."

"ಬೆಂಕಿ ಬಿದ್ದದ್ದು ಒಂದು ನಲ್ವತ್ತಕ್ಕೆ. ಹಾಲಾದ ಮೆಸೇಜು ಒಂದು ಐದಕ್ಕೆ. ಲಾಗ್ ಬುಕ್ಕಿನಲ್ಲಿ ಹನ್ನೆರಡು ಗಂಟೆಗೆ ಎಣ್ಣೆ ಜೇನಿನ ಹಾಗಿತ್ತು. ನಡುವೆ ಒಂದು ಗಂಟೆ. ಆಗ ಅಣ್ಣ ಕ್ಯಾಂಟೀನಲ್ಲಿ ಊಟಕ್ಕೆ ಹೋಗಿದ್ರು." ನಾನು ವರದಿಯ ಐದನೆಯ ಫೋಟೋ ತೆರೆದೆ. "ಇದು ಚಿಲ್ಲರಿನ ಬ್ರೇಕರ್. ಇಷ್ಟು ದೊಡ್ಡ ಬ್ರೇಕರ್ ತಾನಾಗಿ ಟ್ರಿಪ್ ಆದ್ರೆ ಹಿಡಿ ನಡುವಿನಲ್ಲಿ ನಿಲ್ತದೆ. ಇಲ್ಲಿ ಪೂರ್ತಿ ಕೆಳಗಿದೆ."

ಸರ್ ಫೋಟೋವನ್ನು ಕಣ್ಣಿನ ಹತ್ತಿರ ತಂದರು. ತಾನೇ ತೆಗೆದ ಫೋಟೋ.

"ಅಂದ್ರೆ ಯಾರೋ ಕೈಯಿಂದ..."

"ಕೈಯಿಂದ."

"ಈಗ ಅದೆಲ್ಲ ಯಾಕೆ ನಂದಿತಾ," ನೆಲದಿಂದ ರತ್ನಾಕರಣ್ಣನ ಸ್ವರ ಬಂತು. ಸುಸ್ತಾದ ಸ್ವರ. "ನನ್ನ ಮೇಲೆ ಇದ್ದದ್ದು ಹೋಯ್ತಲ್ಲ. ಸಾಕು. ಗಂಟೆ ನೋಡು, ಸರ್‌ಗೆ ಆಫೀಸಿಗೆ ಹೋಗ್ಲಿಕ್ಕುಂಟು."

ಹೌದಲ್ಲ ಎನ್ನಿಸಿತು. ಗೆದ್ದ ದಿನ ಎಲ್ಲರನ್ನೂ ಯಾಕೆ ಕಾಡಬೇಕು?

ಆಟೋ ಹತ್ತುವಾಗ ಅನ್ವಿತಾಳ ಫೋನ್ ಬಂತು. ಕಲೂರಿನ ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟು. ಅಪ್ಪ ಅಮ್ಮ ಮೈಸೂರಿನವರು, ಇವಳು ಹುಟ್ಟಿ ಬೆಳೆದದ್ದು ಕೊಚ್ಚಿ. ಕನ್ನಡ ಶುರು ಮಾಡಿದರೆ ಮಲಯಾಳದಲ್ಲಿ ಮುಗಿಸುತ್ತಾಳೆ.

"ಎಡೀ, ಇಬ್ರಾಹಿಂಕ್ಕ ಕಣ್ಣು ತೆರೆದ್ರು. ಡಾಕ್ಟರ್ ಹೇಳಿದ್ರು, ಇನಿ ಪೇಡಿಕ್ಕಂಡ. ಹೆದರೋದು ಏನಿಲ್ಲ."

ನಾನು ಅಲ್ಲೇ ರಸ್ತೆಯಲ್ಲಿ ಕೂಗಿ ಹೇಳಿದೆ. ಸರ್ ಎರಡೂ ಕೈ ಮುಗಿದು ಆಕಾಶ ನೋಡಿದರು. ಚೇಚಿ ಶಿಲುಬೆಯ ಗುರುತು ಮಾಡಿಕೊಂಡರು.

"ಮಾತಾಡಿದ್ನಾ?" ಎಂದರು ರತ್ನಾಕರಣ್ಣ.

"ಇಲ್ವಂತೆ. ಗಂಟಲಲ್ಲಿ ಪೈಪ್ ಇತ್ತಲ್ಲ. ಸಂಜೆ ಹೊತ್ತಿಗೆ ಮಾತಾಡಬಹುದು."

ಅವರು ತಲೆ ಆಡಿಸಿ, ಚೇಚಿಯ ಕೊಡದಿಂದ ಎರಡು ಲೋಟ ನೀರು ಕುಡಿದರು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ವರದಿ ಕೊಟ್ಟಾಯಿತು. ತಿದ್ದಿದ ವರದಿ. ಅದರ ಒಂದು ಪ್ರತಿ, ಮೊಹರು ಒತ್ತಿದ್ದು, ನನ್ನ ಬ್ಯಾಗಿನಲ್ಲಿತ್ತು. ಸರ್ ಒಂದು ದಿನ ತಿರುವನಂತಪುರದಲ್ಲೇ ಉಳಿದರು. ಹಾಲು ತರುವುದಿಲ್ಲ ಎಂದು ಮೇಡಂಗೆ ಮೆಸೇಜ್ ಹಾಕುವಾಗ ಒಂದೊಂದೇ ಅಕ್ಷರ ನೋಡಿ ನೋಡಿ, ಕನ್ನಡ ಲಿಪಿಯಲ್ಲಿ ಹಾಕಿದರು.

ನಾನೂ ರತ್ನಾಕರಣ್ಣನೂ ಎರ್ನಾಕುಳಂ ರೈಲು ಹತ್ತಿದೆವು.

ಎಷ್ಟೋ ದಿನದ ಮೇಲೆ ಅವರು ಮನಸ್ಸು ಬಿಚ್ಚಿ ಮಾತಾಡಿದರು. ಪಂಪಿನ ಬಗ್ಗೆಯೇ. ಹೊಸದು ಬಂದರೆ ಮೊದಲು ಅರ್ಧ ಗಂಟೆ ಖಾಲಿ ಓಡಿಸಿ ಬಿಸಿ ಮಾಡಬೇಕು, ಆಮೇಲೇ ಕೆಲಸ ಕೊಡಬೇಕು. ಎಣ್ಣೆಯ ಬಣ್ಣ ಗಂಟೆಗಲ್ಲ, ಅರ್ಧ ಗಂಟೆಗೊಮ್ಮೆ ನೋಡಬೇಕು. ಸದ್ದು ಬದಲಾದರೆ ಗೇಜನ್ನು ನಂಬಬಾರದು, ಕಿವಿಯನ್ನು ನಂಬಬೇಕು. ನಾನು ಎಲ್ಲವನ್ನೂ ಫೋನಿನಲ್ಲಿ ಬರೆದುಕೊಂಡೆ. ಕೊಲ್ಲಂನಲ್ಲಿ ಎರಡು ಪಳಂಪೊರಿ, ಎರಡು ಟೀ ತಂದರು. ಬಾಳೆಹಣ್ಣಿನ ಆ ಬಿಸಿ ಪೋಡಿಯನ್ನು ಪೇಪರಿನಲ್ಲಿ ಒತ್ತಿ ಎಣ್ಣೆ ತೆಗೆದು ನನಗೆ ಕೊಟ್ಟರು.

"ಈ ಎಣ್ಣೆ ಯಾವ ಬಣ್ಣ ಅಣ್ಣ?"

"ಕಪ್ಪು. ಓಡಿಸುವ ಹಾಗಿಲ್ಲ, ಬದಲು ಮಾಡ್ಬೇಕು."

ಇಬ್ಬರೂ ನಕ್ಕೆವು. ಎದುರು ಸೀಟಿನ ಅಮ್ಮಚ್ಚಿಯೂ ಅರ್ಥವಾಗದೆ ನಕ್ಕರು.

ಫೋನ್ ಬಂತು. ಅನ್ವಿತಾ. ಈ ಸಲ ಅವಳ ದನಿ ತಗ್ಗಿತ್ತು.

"ನಂದೂ, ನೀನು ಒಬ್ಬಳೇ ಇದ್ದೀಯಾ?"

"ಇಲ್ಲ. ಹೇಳು."

"ಇಬ್ರಾಹಿಂಕ್ಕ ಮಾತಾಡಿದ್ರು. ಚಿಲ್ಲರ್ ಆಫ್ ಮಾಡಿದ್ದು ಅವರೇ ಅಂತೆ. ಹನ್ನೆರಡೂಕಾಲಿಗೆ."

"ಯಾಕೆ?"

"ರತ್ನಾಕರನ್ ಪರಞ್ಞಿಟ್ಟು, ಅಂದ್ರು. ರತ್ನಾಕರ ಹೇಳಿದ್ದಕ್ಕೆ. ಎರಡು ಸಲ ಕೇಳ್ದೆ. ಎರಡು ಸಲವೂ ಅದೇ ಹೇಳಿದ್ರು. ಕ್ಯಾಂಟೀನಿಗೆ ಹೋಗ್ತಾ ಬಂದು ಹೇಳಿದ್ನಂತೆ. ಯಾರಿಗೂ ಹೇಳ್ಬೇಡ ಅಂತಾನೂ."

ಬಾಯಲ್ಲಿದ್ದ ಪಳಂಪೊರಿ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಆರು ದಿನ. ರತ್ನಾಕರಣ್ಣ ದಿನಕ್ಕೆ ಎಷ್ಟು ಸಲ ‘ಮಾತಾಡಿದ್ನಾ’ ಎಂದು ಕೇಳಿದ್ದರು. ಒಂದೇ ಒಂದು ಸಲ ಕೂಡ, ಹೇಗಿದ್ದಾನೆ ಅಂತ ಕೇಳಿರಲಿಲ್ಲ.

ಫೋನ್ ಇಟ್ಟೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಪಂಪಿನ ಗಾಜಿನ ಕಿಟಕಿ ನೋಡುವ ಹಾಗೆ.

"ಆಸ್ಪತ್ರೆಯಿಂದಾ?"

"ಹೂಂ."

"ಮಾತಾಡಿದ್ನಾ?"

"ಇಲ್ಲ ಅಣ್ಣ," ಎಂದೆ. "ಇನ್ನೂ ಇಲ್ಲ."

ರತ್ನಾಕರಣ್ಣ ದೀರ್ಘವಾಗಿ ಉಸಿರು ಬಿಟ್ಟರು. ವರ್ಕ್‌ಶಾಪಿನಲ್ಲಿ ವಾಲ್ವು ತೆರೆದಿದೆ ಎಂದಾಗ ಬಿಟ್ಟದ್ದಕ್ಕಿಂತ ದೊಡ್ಡ ಉಸಿರು. ಹಿಂದಕ್ಕೆ ಒರಗಿ ಟೀ ಕುಡಿದು ಮುಗಿಸಿದರು. ಕಾಗದದ ಲೋಟವನ್ನು ಮಡಚಿ ಕಿಟಕಿಯ ಸಂದಿಗೆ ಸಿಕ್ಕಿಸಿದರು.

"ನೀನು ಹಾಸ್ಟೆಲಿಗೆ ಹೋಗಿ ಮಲಗು, ಸುಸ್ತಾಗಿದ್ದೀ," ಎಂದರು, ತುಂಬ ಅಕ್ಕರೆಯಿಂದ. "ನಾನು ಇಳಿದು ನೇರ ಆಸ್ಪತ್ರೆಗೇ ಹೋಗ್ತೇನೆ. ಇವತ್ತು ಇಬ್ರಾಹಿಂ ಹತ್ರ ನಾನೊಬ್ಬನೇ ಕೂತುಕೊಳ್ತೇನೆ."